ನೀರಿನ ಹಾನಿಯೆಲ್ಲ ಪ್ರವಾಹವಲ್ಲ
ಮನೆ, ಮಳಿಗೆ ಮತ್ತು ಗೋದಾಮುಗಳ ವಿಮೆಯಲ್ಲಿ ಗಮನಿಸಬೇಕಾದ ಅಂಶಗಳು

ಮಳೆಗಾಲ ಬಂತೆಂದರೆ ವ್ಯಾಪಾರಸ್ಥರಿಗೆ ಮತ್ತು ಸಣ್ಣ ಕೈಗಾರಿಕೋದ್ಯಮಿಗಳಿಗೆ ದಾಸ್ತಾನಿನ ಚಿಂತೆ ಆರಂಭವಾಗುತ್ತದೆ. 2009ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳನ್ನು ಮುಳುಗಿಸಿದ ಮಳೆ, 2018ರಲ್ಲಿ ಕೊಡಗಿನ ಭೂಕುಸಿತ, 2019ರಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ನೆರೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಿಗೂ ಕಚೇರಿಗಳಿಗೂ ನುಗ್ಗಿದ ಕೆರೆಗಳ ನೀರು, ಇವೆಲ್ಲವೂ ನಮ್ಮ ರಾಜ್ಯದ ಉದ್ಯಮಗಳು ಇತ್ತೀಚಿನ ದಶಕಗಳಲ್ಲಿ ಕಂಡ ಕಷ್ಟಗಳೇ ಆಗಿವೆ. ಇಂತಹ ಸಂದರ್ಭಗಳಲ್ಲಿ ವಿಮೆಯೇ ಆಸರೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ವಿಮೆ ಇದೆ ಎಂಬ ಧೈರ್ಯದಲ್ಲಿದ್ದ ಅನೇಕರು ಪರಿಹಾರ ಕೋರಿದಾಗ "ನಿಮಗಾದ ಹಾನಿ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರವನ್ನು ಪಡೆದಿದ್ದಾರೆ. ನೀರು ಒಂದೇ, ನೆನೆದ ಸರಕೂ ಒಂದೇ. ಹಾಗಿದ್ದರೂ ಒಬ್ಬರಿಗೆ ಪರಿಹಾರ ದೊರೆತು ಮತ್ತೊಬ್ಬರಿಗೆ ದೊರೆಯದಿರಲು ಕಾರಣವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪಾಲಿಸಿ ನೋಡುವುದು ನೀರನ್ನಲ್ಲ, ನೀರು ಬಂದ ದಾರಿಯನ್ನು

ನಮ್ಮ ದೇಶದಲ್ಲಿ ಮನೆ, ಅಂಗಡಿ, ಕಾರ್ಖಾನೆ ಮುಂತಾದ ಸ್ಥಿರ ಆಸ್ತಿಗಳಿಗೆ ಮಾಡಿಸುವ ಅಗ್ನಿ ವಿಮೆಯು ಮೂಲತಃ "ಹೆಸರಿಸಿದ ಅಪಾಯಗಳ" ವಿಮೆಯಾಗಿದೆ. ಅಂದರೆ ಯಾವ ಯಾವ ಕಾರಣಗಳಿಂದ ಹಾನಿಯಾದರೆ ಪರಿಹಾರ ಕೊಡಲಾಗುವುದು ಎಂಬ ಪಟ್ಟಿ ಪಾಲಿಸಿಯಲ್ಲಿಯೇ ಇರುತ್ತದೆ. ಆ ಪಟ್ಟಿಯಲ್ಲಿರುವ ಕಾರಣದಿಂದ ಹಾನಿಯಾಗಿದ್ದರೆ ಮಾತ್ರ ಪರಿಹಾರ. ಇಲ್ಲದಿದ್ದರೆ ಹಾನಿ ಎಷ್ಟೇ ದೊಡ್ಡದಾಗಿದ್ದರೂ ಇಲ್ಲ. "ನೀರಿನಿಂದ ಹಾನಿ" ಎಂಬ ಒಂದೇ ಬಾಬು ಈ ಪಟ್ಟಿಯಲ್ಲಿ ಇರುವುದಿಲ್ಲ. ಅದರ ಬದಲು ನೀರಿಗೆ ಸಂಬಂಧಿಸಿದ ಬೇರೆ ಬೇರೆ ಬಾಬುಗಳಿವೆ.

ಮೊದಲನೆಯದು ಬಿರುಗಾಳಿ, ಚಂಡಮಾರುತ, ಪ್ರವಾಹ ಮತ್ತು ಜಲಾವೃತವಾಗುವಿಕೆ. ಎರಡನೆಯದು ಭೂಮಿ ಕುಸಿಯುವುದು, ಗುಡ್ಡ ಜರಿಯುವುದು, ಬಂಡೆ ಉರುಳುವುದು. ಮೂರನೆಯದು ನೀರಿನ ಟ್ಯಾಂಕು, ಕೊಳವೆ ಹಾಗೂ ಸಂಬಂಧಪಟ್ಟ ಉಪಕರಣಗಳು ಒಡೆಯುವುದು ಅಥವಾ ತುಂಬಿ ಹರಿಯುವುದು. ನಾಲ್ಕನೆಯದು ಬೆಂಕಿ ನಂದಿಸಲು ಅಳವಡಿಸಿದ ಸ್ವಯಂಚಾಲಿತ ಸ್ಪ್ರಿಂಕ್ಲರ್‌ಗಳಿಂದ ನೀರು ಸೋರುವುದು. ಈ ನಾಲ್ಕು ಬಾಗಿಲುಗಳಲ್ಲಿ ಯಾವುದಾದರೊಂದರಿಂದ ನೀರು ಒಳಬಂದಿದ್ದರೆ ಪರಿಹಾರದ ಕೋರಿಕೆಗೆ ಆಧಾರವಿದೆ.

ಈ ಪಟ್ಟಿಯಲ್ಲಿ ಇಲ್ಲದೆ ಇರುವುದನ್ನೂ ಗಮನಿಸಬೇಕು. ಗೋಡೆಯಲ್ಲಿ ತಿಂಗಳುಗಟ್ಟಲೆ ಏರಿದ ತೇವ, ತಾರಸಿಯ ಹಳೆಯ ಬಿರುಕಿನಿಂದ ಪ್ರತಿ ಮಳೆಗೂ ತೊಟ್ಟಿಕ್ಕುವ ನೀರು, ನೆಲದಡಿಯಿಂದ ಒಸರುವ ನೀರು, ಬೂಷ್ಟು, ತುಕ್ಕು, ಇವು ಯಾವುವೂ ಹೆಸರಿಸಿದ ಅಪಾಯಗಳಲ್ಲ. ಇವು ಒಮ್ಮೆಲೇ ಸಂಭವಿಸಿದ ಅವಘಡಗಳಲ್ಲ, ಕಟ್ಟಡದ ದುರಸ್ತಿಗೆ ಸೇರಿದ ವಿಷಯಗಳು ಎಂಬುದೇ ವಿಮಾ ಕಂಪನಿಗಳ ನಿಲುವು.

ಚಾಲ್ತಿಯಲ್ಲಿರುವ ಪಾಲಿಸಿಗಳು

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಸಾಮಾನ್ಯ ವಿಮಾ ಕಂಪನಿಗಳಿಗೂ ಅನ್ವಯಿಸುವಂತೆ ಮೂರು ಏಕರೂಪದ ಪಾಲಿಸಿಗಳನ್ನು ಜಾರಿಗೆ ತಂದಿತು. ವಾಸದ ಮನೆ ಮತ್ತು ಅದರೊಳಗಿನ ವಸ್ತುಗಳಿಗೆ "ಭಾರತ್ ಗೃಹ ರಕ್ಷಾ". ಒಂದು ಸ್ಥಳದಲ್ಲಿರುವ ಆಸ್ತಿಯ ಒಟ್ಟು ಮೌಲ್ಯ 5 ಕೋಟಿ ರೂಪಾಯಿಗಳವರೆಗೆ ಇರುವ ಉದ್ಯಮಗಳಿಗೆ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ". 5 ಕೋಟಿಗಿಂತ ಹೆಚ್ಚು ಮತ್ತು 50 ಕೋಟಿಯವರೆಗೆ ಇದ್ದರೆ "ಭಾರತ್ ಲಘು ಉದ್ಯಮ ಸುರಕ್ಷಾ". ಅದಕ್ಕೂ ಮೇಲ್ಪಟ್ಟ ಆಸ್ತಿಗಳಿಗೆ ಹಿಂದಿನಿಂದ ಬಂದ "ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್" ಪಾಲಿಸಿ ಬಳಕೆಯಲ್ಲಿದೆ.

ಮೂರೂ ಹೊಸ ಪಾಲಿಸಿಗಳಲ್ಲಿ ಪ್ರವಾಹವೂ ಟ್ಯಾಂಕು-ಕೊಳವೆಗಳ ಒಡೆತವೂ ಮೂಲ ರಕ್ಷಣೆಯಲ್ಲಿಯೇ ಸೇರಿವೆ. ಹಳೆಯ ಮಾದರಿಯ ಪಾಲಿಸಿಯಲ್ಲಾದರೋ ಬಿರುಗಾಳಿ-ಪ್ರವಾಹದ ಬಾಬನ್ನು ಬೇಡವೆಂದು ಕೈಬಿಟ್ಟು ಪ್ರೀಮಿಯಂನಲ್ಲಿ ರಿಯಾಯಿತಿ ಪಡೆಯುವ ಅವಕಾಶವಿತ್ತು. ಸ್ವಲ್ಪ ಹಣ ಉಳಿಸಲೆಂದು ಇದನ್ನು ಕೈಬಿಟ್ಟವರಿಗೆ ನೆರೆಯ ವರ್ಷದಲ್ಲಿ ಪರಿಹಾರ ದೊರೆಯುವಂತಿಲ್ಲ. ಆ ಮಾದರಿಯ ಪಾಲಿಸಿ ಹೊಂದಿರುವ ಸದಸ್ಯರು ತಮ್ಮ ಷೆಡ್ಯೂಲನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳಿಂದಲೋ ಬಂಧುಗಳಿಂದಲೋ "ಮನೆಯ ವಿಮೆಯಲ್ಲಿ ಪ್ರವಾಹ ಸೇರುವುದೇ ಇಲ್ಲ" ಎಂಬ ಮಾತನ್ನು ಕೇಳಿದವರಿದ್ದಾರೆ. ಅದು ಆ ದೇಶದ ಮಟ್ಟಿಗೆ ಸರಿ. ಅಲ್ಲಿ ಸಾಮಾನ್ಯ ಗೃಹ ವಿಮೆಯು ಮನೆಯೊಳಗಿನ ಕೊಳವೆ ಥಟ್ಟನೆ ಒಡೆದರೆ ಪರಿಹಾರ ಕೊಡುತ್ತದೆ. ಹೊರಗಿನಿಂದ ನೆಲದ ಮೇಲೆ ಹರಿದು ಬಂದ ನೀರಿಗೆ ಕೊಡುವುದಿಲ್ಲ. ಪ್ರವಾಹಕ್ಕೆಂದೇ 1968ರಲ್ಲಿ ಅಲ್ಲಿನ ಸರ್ಕಾರ ಪ್ರತ್ಯೇಕ ಯೋಜನೆಯನ್ನು ಆರಂಭಿಸಿತು. ಅದನ್ನು ಬೇರೆಯಾಗಿ ಕೊಳ್ಳಬೇಕು ಮತ್ತು ಸಾಮಾನ್ಯವಾಗಿ 30 ದಿನಗಳ ನಂತರವಷ್ಟೇ ಅದು ಜಾರಿಗೆ ಬರುತ್ತದೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಪ್ರವಾಹವೂ ಕೊಳವೆಯ ಒಡೆತವೂ ಒಂದೇ ಪಾಲಿಸಿಯ ಎರಡು ಬಾಬುಗಳು. ನಮ್ಮಲ್ಲಿ ವಿವಾದ ಹುಟ್ಟುವುದು ಬಹುಮಟ್ಟಿಗೆ ಈ ಎರಡರ ನಡುವೆ ಅಲ್ಲ. ಈ ಎರಡು ಒಂದು ಕಡೆ, ಸೋರಿಕೆ ಇನ್ನೊಂದು ಕಡೆ ನಿಂತಾಗ.

"ಜಲಾವೃತ" ಎಂದರೇನು?

ನದಿಯೋ ಕೆರೆಯೋ ದಡ ಮೀರಿ ಹರಿದರೆ ಅದು ಪ್ರವಾಹ ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಸಮೀಪದಲ್ಲಿ ನದಿಯೂ ಇಲ್ಲ, ಕೆರೆಯೂ ಇಲ್ಲ. ಒಂದೇ ಸಮನೆ ಸುರಿದ ಮಳೆಯ ನೀರು ಅಂಗಳದಲ್ಲಿ ನಿಂತು ಸರಕನ್ನು ಹಾಳುಮಾಡಿತು ಎಂದಾದರೆ? ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಓರಿಯೆಂಟಲ್ ಇನ್ಶೂರೆನ್ಸ್ ಕಂಪನಿ ಮತ್ತು ಜೆ.ಕೆ. ಸಿಮೆಂಟ್ ವರ್ಕ್ಸ್ ನಡುವಣ ಪ್ರಕರಣದಲ್ಲಿ, ಕಾರ್ಖಾನೆಯ ಬಯಲಿನಲ್ಲಿ ದಾಸ್ತಾನು ಮಾಡಿದ್ದ ಕಲ್ಲಿದ್ದಲು ಭಾರಿ ಮಳೆಗೆ ಕೊಚ್ಚಿಹೋಗಿತ್ತು. ಯಾವುದೇ ಜಲಮೂಲ ಉಕ್ಕಿ ಹರಿದಿಲ್ಲವಾದ್ದರಿಂದ ಇದು ಪ್ರವಾಹವಲ್ಲ ಎಂಬುದು ವಿಮಾ ಕಂಪನಿಯ ವಾದವಾಗಿತ್ತು.

2020ರ ಫೆಬ್ರುವರಿಯಲ್ಲಿ ತೀರ್ಪಿತ್ತ ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ಪೀಠದಲ್ಲಿ ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ ಅವರಿದ್ದರು. "ಪ್ರವಾಹ" ಎಂಬುದಕ್ಕೆ ಜಲಮೂಲ ಉಕ್ಕುವುದು ಎಂಬ ಅರ್ಥವನ್ನೇ ಇಟ್ಟುಕೊಂಡರೂ ಅದರ ಜೊತೆಗೆ ಪಾಲಿಸಿಯಲ್ಲಿ "ಜಲಾವೃತವಾಗುವಿಕೆ" ಎಂಬ ಪದವೂ ಇದೆ. ಸಾಮಾನ್ಯವಾಗಿ ಒಣಗಿರುವ ನೆಲದ ಮೇಲೆ ಮಳೆಯ ನೀರು ಶೇಖರವಾಗುವುದೂ ಆ ಪದದ ವ್ಯಾಪ್ತಿಗೆ ಬರುತ್ತದೆ ಎಂಬುದು ತೀರ್ಪಿನ ಸಾರ. ನಗರಗಳ ವ್ಯಾಪಾರಸ್ಥರಿಗೆ ಇದು ಬಹಳ ಉಪಯುಕ್ತವಾದ ತೀರ್ಪು. ರಾಜಕಾಲುವೆ ಕಟ್ಟಿಕೊಂಡು ರಸ್ತೆಯ ನೀರು ಮಳಿಗೆಗೆ ನುಗ್ಗಿದಾಗ, ನೆಲಮಾಳಿಗೆಯ ಗೋದಾಮಿನಲ್ಲಿ ಮಳೆಯ ನೀರು ತುಂಬಿಕೊಂಡಾಗ, "ಇಲ್ಲಿ ನದಿಯೇ ಇಲ್ಲವಲ್ಲ" ಎಂಬ ಆಕ್ಷೇಪಣೆಗೆ ಇದೇ ಉತ್ತರ.

ಆದರೆ ಈ ತೀರ್ಪಿನ ಮಿತಿಯನ್ನೂ ಅರಿಯಬೇಕು. ನೀರು ನೆಲದ ಮೇಲೆ ನಿಂತಿರಬೇಕು ಅಥವಾ ಹರಿದಿರಬೇಕು. ತಾರಸಿಯ ಬಿರುಕಿನಿಂದ ಇಳಿದ ಮಳೆಹನಿ ಅಟ್ಟದ ಮೇಲಿನ ಬಟ್ಟೆಯ ಬೇಲುಗಳನ್ನು ನೆನೆಸಿದರೆ ಅದನ್ನು ಜಲಾವೃತ ಎನ್ನಲಾಗುವುದಿಲ್ಲ.

ಕೆಲವು ಉದಾಹರಣೆಗಳು

1. ಬಿರುಗಾಳಿಗೆ ಶೆಡ್ಡಿನ ತಗಡಿನ ಶೀಟು ಹಾರಿಹೋಗಿ ಮಳೆ ಒಳಗೆ ಸುರಿಯಿತು. ಇಲ್ಲಿ ಮೂಲ ಕಾರಣ ಬಿರುಗಾಳಿ. ಶೀಟಿಗೂ ಸರಕಿಗೂ ಪರಿಹಾರ ಕೇಳಬಹುದು. ಅದೇ ಶೀಟಿನ ಬೋಲ್ಟು ವರ್ಷಗಳಿಂದ ಸಡಿಲವಾಗಿದ್ದು, ಆ ತೂತಿನಿಂದ ಸಾಧಾರಣ ಮಳೆಯ ನೀರು ಸೋರಿದ್ದರೆ ಕೋರಿಕೆ ನಿಲ್ಲುವುದು ಕಷ್ಟ.

2. ಮೇಲಿನ ಮಹಡಿಯವರು ಮೋಟಾರು ಆರಿಸಲು ಮರೆತು, ಟ್ಯಾಂಕು ತುಂಬಿ ಹರಿದು ಕೆಳಗಿನ ಅಂಗಡಿಯ ರಟ್ಟಿನ ಪೆಟ್ಟಿಗೆಗಳು ನೆನೆದವು. ಇದು "ಟ್ಯಾಂಕು ತುಂಬಿ ಹರಿಯುವುದು" ಎಂಬ ಬಾಬಿಗೆ ಸೇರುತ್ತದೆ. ಪರಿಹಾರ ಕೊಟ್ಟ ನಂತರ, ತಪ್ಪು ಮಾಡಿದವರಿಂದ ಆ ಹಣವನ್ನು ವಸೂಲು ಮಾಡುವ ಹಕ್ಕು ವಿಮಾ ಕಂಪನಿಗೆ ದೊರೆಯುತ್ತದೆ. ಆದ್ದರಿಂದ ನೆರೆಯವರೊಂದಿಗೆ "ನಮಗೇನೂ ಬೇಡ" ಎಂದು ಬರೆದುಕೊಟ್ಟು ರಾಜಿ ಮಾಡಿಕೊಳ್ಳುವ ಮೊದಲು ಕಂಪನಿಗೆ ತಿಳಿಸಬೇಕು.

3. ಗೋಡೆಯೊಳಗಿನ ಕೊಳವೆ ಒಂದು ರಾತ್ರಿ ಒಡೆದು ನೀರು ಚಿಮ್ಮಿತು. ನೆನೆದ ಸರಕಿಗೆ ಪರಿಹಾರ ಕೇಳಬಹುದು. ಅದೇ ಕೊಳವೆಯ ಜೋಡಣೆಯಲ್ಲಿ ಆರು ತಿಂಗಳಿಂದ ನೀರು ಜಿನುಗಿ ಗೋಡೆಗೆ ಬೂಷ್ಟು ಹಿಡಿದಿದ್ದರೆ ಅದು ಒಡೆತವಲ್ಲ, ಸೋರಿಕೆ.

4. ಭಾರಿ ಮಳೆಗೆ ರಸ್ತೆಯ ಚರಂಡಿ ತುಂಬಿ, ಆ ನೀರು ಸ್ನಾನದ ಮನೆಯ ನೆಲದ ಜಾಲರಿಯಿಂದ ಹಿಮ್ಮುಖವಾಗಿ ಉಕ್ಕಿತು. ನೀರು ಕೊಳವೆಯಿಂದಲೇ ಬಂದಂತೆ ಕಂಡರೂ ಮೂಲ ಕಾರಣ ಹೊರಗಿನ ಜಲಾವೃತ ಸ್ಥಿತಿ. ರಸ್ತೆಯಲ್ಲಿ ನೀರು ನಿಂತಿದ್ದುದರ ಫೋಟೋ ಇದ್ದರೆ ಇದನ್ನು ತೋರಿಸಿಕೊಡುವುದು ಸುಲಭ. ಮಳೆಯೇ ಇಲ್ಲದ ದಿನ ಕಸ ಕಟ್ಟಿಕೊಂಡು ಉಕ್ಕಿದ್ದರೆ ವಿಷಯವೇ ಬೇರೆ.

5. ಮಳೆಗೆ ಹಿಂದಿನ ಗುಡ್ಡ ಜರಿದು ಕೆಸರು ಮನೆಗೆ ನುಗ್ಗಿತು. ಇದು ಗುಡ್ಡ ಜರಿಯುವ ಬಾಬು. ಆದರೆ ಹೊಸ ಕಟ್ಟಡ ತಾನಾಗಿಯೇ ಕುಳಿತುಕೊಂಡು ಬಿಟ್ಟ ಬಿರುಕು, ಮಣ್ಣು ತುಂಬಿ ಮಟ್ಟಮಾಡಿದ ನಿವೇಶನದ ಕುಸಿತ, ನದಿಯ ಕೊರೆತ, ಇವುಗಳನ್ನು ಪಾಲಿಸಿ ಸ್ಪಷ್ಟವಾಗಿ ಹೊರಗಿಟ್ಟಿದೆ.

ಬಾಬು ಬದಲಾದರೆ ಮೊತ್ತವೂ ಬದಲು

ಪರಿಹಾರ ದೊರೆಯುವ ಎರಡು ಬಾಬುಗಳ ನಡುವೆಯೂ ಲೆಕ್ಕದಲ್ಲಿ ವ್ಯತ್ಯಾಸ ಬರಬಹುದು. ಪ್ರತಿಯೊಂದು ಕ್ಲೇಮಿನಲ್ಲಿಯೂ ವಿಮೆ ಮಾಡಿಸಿದವರೇ ಭರಿಸಬೇಕಾದ ಮೊದಲ ಭಾಗಕ್ಕೆ "ಎಕ್ಸೆಸ್" ಎನ್ನುತ್ತಾರೆ. ದೀರ್ಘಕಾಲ ಬಳಕೆಯಲ್ಲಿರುವ ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯ ಮಾದರಿಯಲ್ಲಿ, ವಿಮಾ ಮೊತ್ತ 10 ಕೋಟಿಯವರೆಗಿನ ವಾಣಿಜ್ಯ ಆಸ್ತಿಗಳಿಗೆ, ಪ್ರವಾಹದಂತಹ ಪ್ರಾಕೃತಿಕ ವಿಕೋಪವಾದರೆ ಕ್ಲೇಮಿನ ಶೇ. 5 ಅಥವಾ ಕನಿಷ್ಠ 10,000 ರೂಪಾಯಿ, ಇತರ ಅಪಾಯಗಳಾದರೆ ಬರಿಯ 10,000 ರೂಪಾಯಿ ಎಂದು ನಿಗದಿಯಾಗಿತ್ತು. ಈ ಮಾದರಿಯಂತೆ 6 ಲಕ್ಷ ರೂಪಾಯಿಗಳ ಹಾನಿ ಪ್ರವಾಹದಿಂದಾದರೆ 30,000 ರೂಪಾಯಿ ಕಡಿತವಾಗುತ್ತದೆ. ಕೊಳವೆ ಒಡೆದು ಆದರೆ 10,000 ರೂಪಾಯಿ ಮಾತ್ರ. ತಮ್ಮ ಪಾಲಿಸಿಗೆ ಅನ್ವಯಿಸುವ ಎಕ್ಸೆಸ್ ಎಷ್ಟೆಂಬುದನ್ನು ಷೆಡ್ಯೂಲಿನಲ್ಲಿ ನೋಡಿಕೊಳ್ಳಬೇಕು.

ಇದಕ್ಕಿಂತಲೂ ದೊಡ್ಡ ಪೆಟ್ಟು ಕೊಡುವುದು ಕಡಿಮೆ ಮೊತ್ತದ ವಿಮೆ. ಅಂಗಡಿಯಲ್ಲಿ 20 ಲಕ್ಷ ರೂಪಾಯಿಗಳ ದಾಸ್ತಾನಿದ್ದು 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 4 ಲಕ್ಷ ರೂಪಾಯಿಗಳ ಹಾನಿಗೆ ದೊರೆಯುವುದು ಅರ್ಧ, ಅಂದರೆ 2 ಲಕ್ಷ. ಅದರಲ್ಲಿ ಎಕ್ಸೆಸ್ ಬೇರೆ ಕಳೆಯಬೇಕು. ಸೂಕ್ಷ್ಮ ಮತ್ತು ಲಘು ಉದ್ಯಮ ಪಾಲಿಸಿಗಳಲ್ಲಿ ಶೇ. 15ರವರೆಗಿನ ಕೊರತೆಯನ್ನು ಮನ್ನಾ ಮಾಡಲಾಗುತ್ತದೆ. ಗೃಹ ರಕ್ಷಾ ಪಾಲಿಸಿಯಲ್ಲಿ ಮಾತ್ರ ಈ ಪ್ರಮಾಣಾನುಸಾರ ಕಡಿತದ ನಿಯಮವನ್ನೇ ಕೈಬಿಡಲಾಗಿದೆ. ಅದರಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಮನೆಯ ಸಾಮಾನುಗಳಿಗೆ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳವರೆಗೆ, ಪಟ್ಟಿ ಕೊಡದೆಯೇ ರಕ್ಷಣೆ ದೊರೆಯುತ್ತದೆ. ಆದರೆ ಅದು ವಾಸದ ಮನೆಗೆಂದು ರೂಪಿಸಿದ ಪಾಲಿಸಿ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳಲ್ಲಿ ಅಂಗಡಿಗೂ ದಾಸ್ತಾನಿಗೂ ಪ್ರತ್ಯೇಕ ಪಾಲಿಸಿ ಇರಲೇಬೇಕು.

ವ್ಯಾಪಾರಸ್ಥರು ಮರೆಯುವ ಇನ್ನೊಂದು ಅಂಶ ಜಿ.ಎಸ್.ಟಿ. ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆಯ ಜಮೆಯನ್ನು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5) ಕಲಮಿನಂತೆ ಹಿಂದಿರುಗಿಸಬೇಕಾಗುತ್ತದೆ. ಹೀಗಾಗಿ ತೆರಿಗೆಯೂ ನಷ್ಟದ ಭಾಗವೇ ಆಗುತ್ತದೆ. ವಿಮಾ ಮೊತ್ತ ನಿಗದಿ ಮಾಡುವಾಗಲೇ ತೆರಿಗೆಯನ್ನು ಸೇರಿಸಿ, ಸೇರಿಸಿರುವುದಾಗಿ ಪ್ರಸ್ತಾವನೆಯಲ್ಲಿ ನಮೂದಿಸುವುದು ಸೂಕ್ತ. ಅಂಗಡಿ ಮುಚ್ಚಿದ ದಿನಗಳ ಲಾಭನಷ್ಟ ಮಾತ್ರ ಈ ಪಾಲಿಸಿಗಳಲ್ಲಿ ಸೇರುವುದಿಲ್ಲ. ಅದಕ್ಕೆ ಬೇರೆ ವಿಮೆಯಿದೆ.

ದಾಸ್ತಾನು ಇರುವ ಸ್ಥಳದ ವಿಳಾಸವೂ ಅಷ್ಟೇ ಮುಖ್ಯ. ಬ್ಯಾಂಕಿನಿಂದ ಸಾಲ ಪಡೆದವರ ಪಾಲಿಸಿಯನ್ನು ಬ್ಯಾಂಕೇ ಮಾಡಿಸಿ ಇಟ್ಟುಕೊಳ್ಳುವುದು ರೂಢಿ. ಗೋದಾಮು ಬದಲಾಯಿಸಿದರೂ ಪಾಲಿಸಿಯಲ್ಲಿ ಹಳೆಯ ವಿಳಾಸವೇ ಉಳಿದಿದ್ದರೆ, ನೆರೆ ಬಂದ ದಿನ ಹೊಸ ಗೋದಾಮಿನ ಸರಕಿಗೆ ರಕ್ಷಣೆಯೇ ಇಲ್ಲವೆಂಬ ಮಾತು ಕೇಳಬೇಕಾಗುತ್ತದೆ. ಪಾಲಿಸಿಯ ಪ್ರತಿಯನ್ನು ತರಿಸಿಕೊಂಡು ವಿಳಾಸ ತಿದ್ದಿಸುವುದು ಸಾಲಗಾರರ ಹೊಣೆ.

ನೀರು ನುಗ್ಗಿದ ಮೊದಲ ದಿನ

ನೀರು ಯಾವ ದಾರಿಯಿಂದ ಬಂತೆಂಬ ಸಾಕ್ಷ್ಯ ನೀರಿನ ಜೊತೆಯಲ್ಲಿಯೇ ಇಳಿದುಹೋಗುತ್ತದೆ. ಸರ್ವೇಯರ್ ಬರುವ ವೇಳೆಗೆ ನೆಲ ಒಣಗಿರುತ್ತದೆ, ಗೋಡೆಯನ್ನು ತೊಳೆದಿರುತ್ತಾರೆ, ಕೊಳವೆಯನ್ನು ಬದಲಾಯಿಸಿರುತ್ತಾರೆ. ಆದ್ದರಿಂದ ಮೊದಲ ದಿನ ಮಾಡುವ ಕೆಲಸವೇ ಕ್ಲೇಮಿನ ಗತಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

ಅ) ವಿಮಾ ಕಂಪನಿಗೆ ಕೂಡಲೇ ಲಿಖಿತವಾಗಿ ತಿಳಿಸಬೇಕು. "ನೀರಿನಿಂದ ಹಾನಿಯಾಗಿದೆ" ಎಂದಷ್ಟೇ ಬರೆಯದೆ, ಎಷ್ಟು ಹೊತ್ತಿಗೆ, ಎಲ್ಲಿಂದ, ಹೇಗೆ ನೀರು ಬಂತು ಎಂಬುದನ್ನು ನಡೆದದ್ದು ನಡೆದ ಹಾಗೆ ಬರೆಯಬೇಕು. ಅವಸರದಲ್ಲಿ "ಸೋರಿಕೆ" ಎಂದು ಬರೆದ ಒಂದು ಪದ ಮುಂದೆ ತಿರಸ್ಕಾರಕ್ಕೆ ಆಧಾರವಾಗಬಲ್ಲದು.

ಆ) ನೀರು ಇಳಿಯುವ ಮೊದಲು ರಸ್ತೆ, ಬಾಗಿಲು, ಒಳಭಾಗಗಳ ಫೋಟೋ ತೆಗೆಯಬೇಕು. ಗೋಡೆಯ ಮೇಲೆ ನೀರು ನಿಂತ ಗೆರೆಯನ್ನು ಅಳೆದು ಬರೆದಿಡಬೇಕು. ಕೊಳವೆ ಒಡೆದಿದ್ದರೆ ಒಡೆದ ತುಂಡನ್ನು ಎಸೆಯಬಾರದು. ಕೊಳಾಯಿ ಕೆಲಸದವರ ಬಿಲ್ಲನ್ನೂ ಇಟ್ಟುಕೊಳ್ಳಬೇಕು.

ಇ) ಮಳೆಯ ಪ್ರಮಾಣಕ್ಕೆ ಹವಾಮಾನ ಇಲಾಖೆಯ ಹಾಗೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದಾಖಲೆಗಳಿವೆ. ಕಂದಾಯ ಅಧಿಕಾರಿಗಳು ಪಂಚನಾಮೆ ಮಾಡಿದ್ದರೆ ಅದರ ಪ್ರತಿಯನ್ನು ಪಡೆಯಬೇಕು.

ಈ) ನೆನೆಯದ ಸರಕನ್ನು ಬೇರ್ಪಡಿಸಿ ಎತ್ತರದಲ್ಲಿರಿಸಬೇಕು, ನಷ್ಟ ಹೆಚ್ಚದಂತೆ ನೋಡಿಕೊಳ್ಳುವುದು ವಿಮೆ ಮಾಡಿಸಿದವರ ಕರ್ತವ್ಯ. ನೆನೆದ ಸರಕನ್ನು ಸರ್ವೇಯರ್ ನೋಡುವವರೆಗೆ ವಿಲೇವಾರಿ ಮಾಡಬಾರದು. ಕೊಳೆತು ನಾರುವ ಪದಾರ್ಥವಾದರೆ ಕಂಪನಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆದು, ತೂಕ ಮಾಡಿ, ಫೋಟೋ ತೆಗೆದು ವಿಲೇವಾರಿ ಮಾಡಬೇಕು.

ಉ) ನೀರು ಹೊಕ್ಕ ಮೋಟಾರು, ಪ್ಯಾನಲ್ ಬೋರ್ಡು, ಯಂತ್ರಗಳನ್ನು ಒಣಗಿಸಿ ಪರೀಕ್ಷಿಸುವ ಮುನ್ನ ಚಾಲೂ ಮಾಡಲೇಬಾರದು. ಶಾರ್ಟ್ ಸರ್ಕ್ಯೂಟಿನಿಂದ ಅದೇ ಯಂತ್ರಕ್ಕಾಗುವ ಹಾನಿಯನ್ನು ಈ ಪಾಲಿಸಿಗಳು ಹೊರಗಿಟ್ಟಿವೆ; ಪ್ರವಾಹದ ಹಾನಿ ವಿದ್ಯುತ್ ಹಾನಿಯಾಗಿ ಮಾರ್ಪಟ್ಟರೆ ಕ್ಲೇಮು ಕೈತಪ್ಪಬಹುದು.

ಊ) ಖರೀದಿ ಬಿಲ್ಲು, ದಾಸ್ತಾನು ಪುಸ್ತಕ, ಜಿ.ಎಸ್.ಟಿ. ರಿಟರ್ನುಗಳ ಪ್ರತಿ ಬೇರೊಂದು ಸ್ಥಳದಲ್ಲಿರಬೇಕು. ಲೆಕ್ಕದ ಪುಸ್ತಕವೂ ಸರಕಿನೊಡನೆ ನೆನೆದುಹೋದರೆ ಹಾನಿಯ ಮೊತ್ತವನ್ನು ಸಾಬೀತುಪಡಿಸುವುದು ಬಲು ಕಷ್ಟ.

ಪ್ರವಾಹದ ನಂತರ ತೆರೆದುಬಿದ್ದ ಮಳಿಗೆಯಿಂದ ಕಳವಾದರೆ, ಅದು ಆ ಅವಘಡದ ಕಾರಣದಿಂದಲೇ 7 ದಿನಗಳೊಳಗೆ ಆಗಿದ್ದ ಪಕ್ಷದಲ್ಲಿ, ಹೊಸ ಪಾಲಿಸಿಗಳಲ್ಲಿ ಪರಿಹಾರವಿದೆ. ಅವಶೇಷ ತೆಗೆಸುವ ವೆಚ್ಚವೂ ಕ್ಲೇಮಿನ ಶೇ. 2ರವರೆಗೆ ದೊರೆಯುತ್ತದೆ. ಇವನ್ನು ಕೇಳದೆ ಬಿಡುವವರೇ ಹೆಚ್ಚು.

ಕೋರಿಕೆ ತಿರಸ್ಕೃತವಾದರೆ

ಪ್ರಾಧಿಕಾರವು 2024ರಲ್ಲಿ ಹೊರಡಿಸಿದ ಸುತ್ತೋಲೆಯಂತೆ ಕ್ಲೇಮು ದಾಖಲಾದ 24 ಗಂಟೆಗಳೊಳಗೆ ಸರ್ವೇಯರನ್ನು ನೇಮಿಸಬೇಕು. ಅವರು 15 ದಿನಗಳೊಳಗೆ ವರದಿ ಕೊಡಬೇಕು. ವರದಿ ಬಂದ 7 ದಿನಗಳೊಳಗೆ ಕಂಪನಿ ತೀರ್ಮಾನಿಸಬೇಕು. ತಿರಸ್ಕರಿಸಿದಲ್ಲಿ ಪಾಲಿಸಿಯ ಯಾವ ಷರತ್ತಿನಂತೆ ಎಂಬುದನ್ನು ಲಿಖಿತವಾಗಿ ಕೇಳಿ, ಸರ್ವೇ ವರದಿಯ ಪ್ರತಿಯನ್ನು ಪಡೆಯಬೇಕು. "ಸೋರಿಕೆ" ಎಂದು ವರದಿಯಲ್ಲಿದ್ದರೆ ಅದಕ್ಕೆ ಯಾವ ಆಧಾರವಿದೆ, ಬಾಗಿಲ ಬಳಿಯ ನೀರಿನ ಗೆರೆಯನ್ನು ನೋಡಲಾಗಿದೆಯೇ ಎಂದು ಪ್ರಶ್ನಿಸುವ ಹಕ್ಕು ವಿಮೆ ಮಾಡಿಸಿದವರಿಗಿದೆ. ಮೊದಲು ಕಂಪನಿಯ ದೂರು ಪರಿಹಾರ ಅಧಿಕಾರಿಗೆ, ಅಲ್ಲಿ ಬಗೆಹರಿಯದಿದ್ದರೆ ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಮನೆಯ ವಿಮೆಗಷ್ಟೇ ಅಲ್ಲದೆ ಏಕಮಾಲೀಕತ್ವದ ಸಂಸ್ಥೆಗಳಿಗೂ ಅತಿಸಣ್ಣ ಉದ್ಯಮಗಳಿಗೂ ಈ ಸೌಲಭ್ಯವಿದೆ. ಕರ್ನಾಟಕದವರಿಗಾಗಿ ಬೆಂಗಳೂರಿನಲ್ಲಿ ಕಚೇರಿಯಿದೆ. ಗ್ರಾಹಕ ಆಯೋಗದ ಮಾರ್ಗವೂ ತೆರೆದಿದೆ. ಪಾಲಿಸಿಯ ಪದಗಳಲ್ಲಿ ನಿಜವಾದ ಸಂದಿಗ್ಧತೆ ಇದ್ದಲ್ಲಿ ಅದನ್ನು ಬರೆದ ಕಂಪನಿಗೆ ವಿರುದ್ಧವಾಗಿ, ವಿಮೆ ಮಾಡಿಸಿದವರ ಪರವಾಗಿ ಅರ್ಥೈಸಬೇಕೆಂಬುದು ನ್ಯಾಯಾಲಯಗಳು ಒಪ್ಪಿರುವ ತತ್ತ್ವ.

ಒಟ್ಟಿನಲ್ಲಿ, ಥಟ್ಟನೆ ಬಂದ ನೀರಿಗೆ ವಿಮೆಯುಂಟು, ಮೆಲ್ಲಗೆ ಬಂದ ನೀರಿಗೆ ರಿಪೇರಿಯೇ ಮದ್ದು. ಮುಂಗಾರಿಗೆ ಮುಂಚೆ ತಾರಸಿ, ಶೀಟು, ಕೊಳವೆಗಳನ್ನು ಸರಿಪಡಿಸಿ, ಅದರ ಬಿಲ್ಲುಗಳನ್ನು ಪಾಲಿಸಿಯೊಂದಿಗೆ ಇರಿಸಿದರೆ, ಕಟ್ಟಡವನ್ನು ಸುಸ್ಥಿತಿಯಲ್ಲಿ ಇಟ್ಟಿದ್ದೆವೆಂಬುದಕ್ಕೆ ಅದೇ ದಾಖಲೆಯಾಗುತ್ತದೆ. ಪಾಲಿಸಿಯ ವಿಳಾಸ, ವಿಮಾ ಮೊತ್ತ ಹಾಗೂ ಎಕ್ಸೆಸ್, ಈ ಮೂರನ್ನು ಸದಸ್ಯರು ನವೀಕರಣದ ಸಮಯದಲ್ಲಿ ತಾವೇ ಓದಿ ನೋಡಬೇಕಾಗಿ ಕೋರಲಾಗಿದೆ.